ಪ್ರಾಗ್‌ನಿಂದ ಜ್ಲಿನ್‌ವರೆಗೆ: ಚಿಕ್ಕಪ್ಪನ ಜೊತೆ ಜೆಕ್ ನಾಡಿನಲ್ಲಿ

ನಮ್ಮಲ್ಲಿ ಮಾರಾಟವಾಗುವ ಯೂರೋಪ್ ಪ್ರವಾಸದ ಪ್ಯಾಕೇಜುಗಳಲ್ಲಿ ಪ್ರಾಗ್ ನಗರದ ಪಾಲಿಗೆ ಬರುವುದು ಹೆಚ್ಚೆಂದರೆ ಒಂದೂವರೆ ದಿನ. ವಿಯೆನ್ನಾದಿಂದ ಬಸ್ಸಿನಲ್ಲಿ ಬಂದು ಸೇತುವೆಯ ಮೇಲೊಂದು ಫೋಟೊ, ಗಡಿಯಾರದ ಕೆಳಗೊಂದು ಫೋಟೊ, ರಾತ್ರಿ ಪನೀರ್ ಊಟ, ಬೆಳಗಾದರೆ ಬರ್ಲಿನ್ ದಾರಿ. ಜೆಕ್ ದೇಶ ನೋಡಿದ ಲೆಕ್ಕಕ್ಕೆ ಇಷ್ಟು ಸಾಕೆಂದು ಯಾರು ತೀರ್ಮಾನಿಸಿದರೋ! ನಮ್ಮ ಚಿಕ್ಕಪ್ಪನಿಗೆ ಆ ಲೆಕ್ಕ ಒಪ್ಪಿಗೆಯಾಗಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದವರು, ಮೈಸೂರಿನ ಬೀದಿಗಳಲ್ಲಿ ದಶಕಗಳ ಕಾಲ ಜೆಕ್ ಮೂಲದ ಜಾವಾ ಬೈಕ್ ಓಡಿಸಿದವರು. "ಬೈಕ್ ಹುಟ್ಟಿದ ದೇಶವನ್ನು ನೆಟ್ಟಗೆ ನೋಡಬೇಕು, ಓಡುತ್ತಾ ಅಲ್ಲ" ಎಂದರು. ಹಾಗಾಗಿ ಸೆಪ್ಟೆಂಬರಿನಲ್ಲಿ ನಾವಿಬ್ಬರೇ ಹೊರಟೆವು. ಪಶ್ಚಿಮದ ಬೊಹೀಮಿಯಾದಿಂದ ಪೂರ್ವದ ಮೊರಾವಿಯಾವರೆಗೆ, ಆದಷ್ಟೂ ರೈಲಿನಲ್ಲಿ.

ಚೆಸ್ಕಿ ಕ್ರುಮ್ಲೊವ್ ಮತ್ತು ಕಾರ್ಲೊವಿ ವಾರಿ ಎಂಬ ಎರಡು ಪ್ರಸಿದ್ಧ ಊರುಗಳನ್ನು ಬೇಕೆಂದೇ ಬಿಟ್ಟೆವು. ಮೊದಲನೆಯದು ವ್ಲತಾವಾ ನದಿಯ ತಿರುವಿನಲ್ಲಿ ಕುಳಿತ ಚೆಲುವಾದ ಕೋಟೆಯ ಊರು, ಎರಡನೆಯದು ಬಿಸಿನೀರಿನ ಬುಗ್ಗೆಗಳ ಊರು. ಅವುಗಳ ಬಗ್ಗೆ ಬರೆದವರಿಗೆ ಬರವಿಲ್ಲ.

ಮಂಗಳವಾರ: ಪ್ರಾಗ್‌ನ ಹಳೆಯ ಪೇಟೆ

ಚಾರ್ಲ್ಸ್ ಸೇತುವೆಯನ್ನು ನೋಡಬೇಕಾದವರು ಬೆಳಗಿನ ಆರು ಗಂಟೆಗೆ ಹೋಗಬೇಕು. ಒಂಬತ್ತರ ನಂತರ ಅಲ್ಲಿ ಕಾಣುವುದು ಸೇತುವೆಯಲ್ಲ, ಜನರ ಬೆನ್ನು. ನಾವು ಹೋದಾಗ ಮದುವೆಯ ಉಡುಪಿನ ಒಂದು ಜೋಡಿ, ಅವರ ಛಾಯಾಗ್ರಾಹಕ, ಕಸ ಗುಡಿಸುವ ಒಬ್ಬರು, ಇಷ್ಟೇ ಮಂದಿ. ಸಾಮ್ರಾಟ ನಾಲ್ಕನೆಯ ಚಾರ್ಲ್ಸ್ ಇದಕ್ಕೆ ಅಡಿಗಲ್ಲು ಇಟ್ಟದ್ದು 1357ರಲ್ಲಿ. ಜುಲೈ 9ರಂದು ಬೆಳಗಿನ 5 ಗಂಟೆ 31 ನಿಮಿಷಕ್ಕೆ ಎಂದು ಜನ ಹೇಳುತ್ತಾರೆ. ವರ್ಷ, ದಿನ, ತಿಂಗಳು, ಗಂಟೆ, ನಿಮಿಷಗಳನ್ನು ಸಾಲಾಗಿ ಬರೆದರೆ 135797531. ಹಿಂದಿನಿಂದ ಓದಿದರೂ ಅದೇ. "ಮುಹೂರ್ತ ನೋಡಿಸುವ ಚಟ ನಮಗೊಬ್ಬರಿಗೇ ಅಲ್ಲ" ಎಂದರು ಚಿಕ್ಕಪ್ಪ.

ಸೇತುವೆಯ ಎರಡೂ ಬದಿ ಸೇರಿ ಮೂವತ್ತು ಶಿಲ್ಪಗಳು. ಹೆಚ್ಚಿನವು ನಕಲು, ಮೂಲಗಳನ್ನು ಮಳೆ ಹೊಗೆಗಳಿಂದ ಉಳಿಸಲು ವಸ್ತುಸಂಗ್ರಹಾಲಯಕ್ಕೆ ಸಾಗಿಸಿದ್ದಾರೆ. ನೆಪೊಮುಕ್‌ನ ಸಂತ ಜಾನ್‌ನ ಶಿಲ್ಪದ ಬಳಿ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. 1393ರಲ್ಲಿ ರಾಜ ವೆನ್ಸೆಸ್ಲಾಸನ ಕೋಪಕ್ಕೆ ಸಿಕ್ಕ ಈ ಪಾದ್ರಿಯನ್ನು ಇದೇ ಸೇತುವೆಯಿಂದ ನದಿಗೆ ಎಸೆಯಲಾಯಿತು. ಪೀಠದಲ್ಲಿ ಆ ದೃಶ್ಯದ ಕಂಚಿನ ಫಲಕವಿದೆ. ಫಲಕವೆಲ್ಲ ಕಪ್ಪು, ನೀರಿಗೆ ಬೀಳುತ್ತಿರುವ ಜಾನ್‌ನ ಆಕೃತಿ ಮಾತ್ರ ಮುಟ್ಟಿ ಮುಟ್ಟಿ ಬಂಗಾರದಂತೆ ಹೊಳೆಯುತ್ತದೆ. ಪಕ್ಕದ ಫಲಕದಲ್ಲಿ ಸೈನಿಕನ ಜೊತೆಗಿರುವ ನಾಯಿಯೂ ಹಾಗೆಯೇ ಹೊಳೆಯುತ್ತದೆ. ನಾಯಿಯನ್ನು ಮುಟ್ಟಿದರೆ ಯಾವ ಪುಣ್ಯ ಎಂದು ಯಾರೂ ಸರಿಯಾಗಿ ಹೇಳಲಿಲ್ಲ. ಚಿಕ್ಕಪ್ಪ ಎರಡನ್ನೂ ಮುಟ್ಟಿದರು.

ಹಳೆಯ ಪೇಟೆಯ ಚೌಕದಲ್ಲಿರುವ ಖಗೋಳ ಗಡಿಯಾರ 1410ರದ್ದು. ಪ್ರತಿ ಗಂಟೆಗೆ ಅಸ್ಥಿಪಂಜರವೊಂದು ಗಂಟೆಯ ಹಗ್ಗ ಎಳೆಯುತ್ತದೆ, ಮೇಲಿನ ಕಿಟಕಿಗಳಲ್ಲಿ ಯೇಸುವಿನ ಹನ್ನೆರಡು ಶಿಷ್ಯರು ಮೆರವಣಿಗೆ ಹೋಗುತ್ತಾರೆ, ಕೊನೆಗೆ ಹುಂಜ ಕೂಗುತ್ತದೆ. ನೂರಾರು ಮೊಬೈಲುಗಳು ಮೇಲೇಳುತ್ತವೆ, ಒಂದು ನಿಮಿಷ ಕಳೆಯುವುದರೊಳಗೆ ಎಲ್ಲ ಮುಗಿದಿರುತ್ತದೆ. ನನ್ನ ಮಟ್ಟಿಗೆ ಗಡಿಯಾರಕ್ಕಿಂತ ಮುಖ್ಯವಾದದ್ದು ಅಲ್ಲೇ ನೆಲದ ಮೇಲಿದೆ: ಕಲ್ಲುಹಾಸಿನಲ್ಲಿ ಕೂರಿಸಿದ 27 ಬಿಳಿ ಶಿಲುಬೆಗಳು. 1618ರಲ್ಲಿ ಇಲ್ಲಿನ ಪ್ರಾಟೆಸ್ಟಂಟ್ ಶ್ರೀಮಂತರು ತಮ್ಮನ್ನು ಆಳುತ್ತಿದ್ದ ಕ್ಯಾಥೊಲಿಕ್ ಹ್ಯಾಬ್ಸ್‌ಬರ್ಗ್ ರಾಜವಂಶದ ಅಧಿಕಾರಿಗಳನ್ನು ಅರಮನೆಯ ಕಿಟಕಿಯಿಂದ ಹೊರಗೆ ಎಸೆದರು. ಬಿದ್ದವರು ಬದುಕಿಕೊಂಡರು, ಆದರೆ ಯೂರೋಪನ್ನು ಸುಟ್ಟ ಮೂವತ್ತು ವರ್ಷಗಳ ಯುದ್ಧಕ್ಕೆ ಕಿಡಿ ಹೊತ್ತಿತು. 1620ರ ಬಿಳಿಗುಡ್ಡದ ಕಾಳಗದಲ್ಲಿ ಬಂಡಾಯಗಾರರು ಸೋತರು. ಮರುವರ್ಷ ಜೂನ್ 21ರಂದು ಅವರ 27 ಮುಂದಾಳುಗಳಿಗೆ ಇದೇ ಚೌಕದಲ್ಲಿ ಮರಣದಂಡನೆಯಾಯಿತು. ಜೆಕ್ ನೆಲ ಮತ್ತೆ ಸ್ವತಂತ್ರವಾಗಲು 1918ರವರೆಗೆ ಕಾಯಬೇಕಾಯಿತು. ಗಡಿಯಾರ ನೋಡುವವರು ತಲೆಯೆತ್ತಿಕೊಂಡು ಆ ಶಿಲುಬೆಗಳನ್ನೇ ತುಳಿದು ಸಾಗುತ್ತಾರೆ.

ಮಧ್ಯಾಹ್ನ ಯಹೂದಿಗಳ ಹಳೆಯ ಕೇರಿ, ಯೋಸೆಫೊವ್. ಹದಿನೈದನೆಯ ಶತಮಾನದಿಂದ 1787ರವರೆಗೆ ಬಳಕೆಯಲ್ಲಿದ್ದ ಸ್ಮಶಾನದಲ್ಲಿ ಜಾಗ ಸಾಲದೆ ಹೆಣದ ಮೇಲೆ ಮಣ್ಣು, ಮಣ್ಣಿನ ಮೇಲೆ ಹೆಣ ಎಂದು ಪದರ ಪದರವಾಗಿ ಹೂಳುತ್ತಾ ಬಂದರು. ಸುಮಾರು 12,000 ಸಮಾಧಿ ಕಲ್ಲುಗಳು ಒಂದರ ಹೆಗಲ ಮೇಲೊಂದು ವಾಲಿಕೊಂಡು ನಿಂತಿವೆ. ಪಕ್ಕದ ಪಿಂಕಾಸ್ ಸಿನಗಾಗ್‌ನ ಒಳಗೋಡೆಗಳಲ್ಲಿ ನಾಜಿಗಳು ಕೊಂದ ಬೊಹೀಮಿಯಾ ಮತ್ತು ಮೊರಾವಿಯಾದ ಸುಮಾರು 78,000 ಯಹೂದಿಗಳ ಹೆಸರುಗಳಿವೆ. ಯಂತ್ರದಲ್ಲಿ ಅಚ್ಚು ಹಾಕಿದ್ದಲ್ಲ, ಕೈಯಲ್ಲಿ ಬರೆದದ್ದು. ಮನೆತನದ ಹೆಸರು ಕೆಂಪಿನಲ್ಲಿ, ಅದರ ಮುಂದೆ ಒಬ್ಬೊಬ್ಬರ ಹೆಸರು ಮತ್ತು ತಾರೀಖುಗಳು ಕಪ್ಪಿನಲ್ಲಿ. ದೂರದಿಂದ ನೋಡಿದರೆ ಗೋಡೆಗೆ ಬೂದು ಬಣ್ಣ ಬಳಿದಂತೆ ಕಾಣುತ್ತದೆ, ಹತ್ತಿರ ಹೋದಾಗ ಅಕ್ಷರಗಳು ಬಿಡಿಬಿಡಿಯಾಗುತ್ತವೆ. ಒಂದೇ ಮನೆತನದ ಹೆಸರಿನ ಮುಂದೆ ಏಳೆಂಟು ಮಂದಿಯನ್ನು ಎಣಿಸಿ ಅಲ್ಲಿಗೆ ನಿಲ್ಲಿಸಿದೆ. ಮಹಡಿಯ ಮೇಲೆ ನಾಜಿಗಳ ತೆರೆಜಿನ್ ಬಂಧನ ಶಿಬಿರದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಚಿಕ್ಕಪ್ಪ ಮೇಲೆ ಬರಲಿಲ್ಲ.

ಬುಧವಾರ: ಕೋಟೆ, ಠಾಕೂರರು, ಜಾವಾ

ಪ್ರಾಗ್ ಕೋಟೆ ಎಂದರೆ ಒಂದು ಕಟ್ಟಡವಲ್ಲ. ಚರ್ಚುಗಳು, ಅರಮನೆಗಳು, ಓಣಿಗಳು, ತೋಟಗಳು ಸೇರಿದ ಒಂದು ಊರು. ದೇಶದ ಅಧ್ಯಕ್ಷರ ಕಚೇರಿಯೂ ಇಲ್ಲೇ. ಸಂತ ವಿಟಸ್ ಕೆಥೆಡ್ರಲ್ ಕಟ್ಟಲು ಶುರು ಮಾಡಿದ್ದು 1344ರಲ್ಲಿ, ಮುಗಿಸಿದ್ದು 1929ರಲ್ಲಿ. ನಮ್ಮ ಊರುಗಳ ಮೇಲ್ಸೇತುವೆಗಳ ಬಗ್ಗೆ ದೂರುವುದನ್ನು ನಾನು ಅಂದಿನಿಂದ ಕಡಿಮೆ ಮಾಡಿದ್ದೇನೆ. ಒಳಗೆ ಜೆಕ್ ಕಲಾವಿದ ಅಲ್ಫೋನ್ಸ್ ಮುಖಾ ರಚಿಸಿದ ಬಣ್ಣದ ಗಾಜಿನ ಕಿಟಕಿಯೊಂದಿದೆ. ನೀಲಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಜಾರುವ ಅದರ ಬೆಳಕು ಎದುರಿನ ಕಂಬದ ಮೇಲೆ ಬಿದ್ದಿತ್ತು. ಉಳಿದ ಕಿಟಕಿಗಳನ್ನು ಕತ್ತೆತ್ತಿ ನೋಡಿದ್ದು ನಿಜ, ನೆನಪಿನಲ್ಲಿ ನಿಂತದ್ದು ಇದೊಂದೇ.

ಕೋಟೆಯಿಂದ ವಾಯುವ್ಯಕ್ಕೆ ಟ್ರಾಮಿನಲ್ಲಿ ಸ್ವಲ್ಪ ದೂರ ಹೋದರೆ ಡೆಯ್ವಿತ್ಸೆ ಎಂಬ ಬಡಾವಣೆ. ಅಲ್ಲಿ ರವೀಂದ್ರನಾಥ ಠಾಕೂರರ ಹೆಸರಿನ ರಸ್ತೆ ಇದೆ, ಅವರ ಪ್ರತಿಮೆಯೂ ಇದೆ. ಠಾಕೂರರು 1921 ಮತ್ತು 1926ರಲ್ಲಿ ಪ್ರಾಗ್‌ಗೆ ಬಂದಿದ್ದರು. ಮೊದಲ ಭೇಟಿಯಲ್ಲಿ ಅವರ ಮಾತು ಕೇಳಿದವರಲ್ಲಿ ಸಂಗೀತಗಾರ ಲೆಯೊಶ್ ಯಾನಾಚೆಕ್ ಒಬ್ಬರು. ಮಾತಿಗಿಂತ ಅದರ ಲಯಕ್ಕೆ ಮರುಳಾದ ಅವರು ಮರುವರ್ಷ ಠಾಕೂರರ ಕವಿತೆಯೊಂದನ್ನು ಪುರುಷರ ಮೇಳಗಾಯನಕ್ಕೆ ಅಳವಡಿಸಿದರು. ಇಷ್ಟು ಗೊತ್ತಿದ್ದವರಿಗೆ ಆ ರಸ್ತೆ ಕಾಲು ಗಂಟೆಯ ಭೇಟಿಗೆ ತಕ್ಕದ್ದು, ಉಳಿದವರಿಗೆ ಅದು ವಿಶ್ವವಿದ್ಯಾಲಯದ ಪಕ್ಕದ ಸಾಧಾರಣ ರಸ್ತೆ.

ಚಿಕ್ಕಪ್ಪನ ದಿನ ಆರಂಭವಾದದ್ದು ಲೆಟ್ನಾ ದಿಬ್ಬದ ಮೇಲಿನ ರಾಷ್ಟ್ರೀಯ ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ. ಸಾರಿಗೆಯ ದೊಡ್ಡ ಸಭಾಂಗಣದಲ್ಲಿ ಚಾವಣಿಯಿಂದ ವಿಮಾನಗಳು ತೂಗುತ್ತವೆ, ನೆಲದಲ್ಲಿ ರೈಲಿನ ಎಂಜಿನ್‌ಗಳು ಮತ್ತು ಕಾರುಗಳು, ಸುತ್ತಲಿನ ಮಹಡಿಯ ಮೊಗಸಾಲೆಗಳಲ್ಲಿ ದ್ವಿಚಕ್ರ ವಾಹನಗಳು. ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಬೈಕ್ ವ್ಯವಹಾರವನ್ನು ಕೊಂಡು ಆರಂಭಿಸಿದ್ದು ಜಾವಾ. ಯುದ್ಧಕಾಲದಲ್ಲಿ ಜರ್ಮನ್ನರ ಕಣ್ಣು ತಪ್ಪಿಸಿ ರೂಪಿಸಿದ 250 ಸಿಸಿ ಬೈಕನ್ನು ಯುದ್ಧ ಮುಗಿದ ಮೇಲೆ, 1946ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶಿಸಿದರು. 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು, ಮರುವರ್ಷದಿಂದ ಬೈಕುಗಳು ಹೊರಬಂದವು. 1973ರಿಂದ ಅವೇ ಯೆಜ್ಡಿಗಳಾದವು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು.

ಮರೂನ್ ಬಣ್ಣದ ಜಾವಾದ ಮುಂದೆ ನಿಂತ ಚಿಕ್ಕಪ್ಪ ಪಕ್ಕದಲ್ಲಿದ್ದ ಹದಿಹರೆಯದ ಹುಡುಗನಿಗೆ ಕೈಸನ್ನೆಯಲ್ಲೇ ಪಾಠ ಶುರು ಮಾಡಿದರು. ಈ ಬೈಕಿನಲ್ಲಿ ಕಿಕ್ ಮಾಡುವ ಲಿವರ್ ಬೇರೆ, ಗೇರ್ ಹಾಕುವ ಲಿವರ್ ಬೇರೆ ಇಲ್ಲ. ಎಡಗಾಲಿನ ಒಂದೇ ಲಿವರನ್ನು ಮೇಲಕ್ಕೆ ತಿರುಗಿಸಿ ಒದ್ದರೆ ಎಂಜಿನ್ ಹತ್ತುತ್ತದೆ, ಅದನ್ನೇ ಮುಂದಕ್ಕೆ ಮಡಿಸಿದರೆ ಗೇರ್. ಹುಡುಗನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಚಿಕ್ಕಪ್ಪನಿಗೆ ಜೆಕ್ ಬಾರದು. ಕಾವಲಿನ ಮಹಿಳೆ ಹತ್ತಿರ ಬಂದದ್ದು ಗದರುವುದಕ್ಕೆ ಎಂದುಕೊಂಡೆ. ಆಕೆ ತನ್ನ ತಂದೆಯ ಬಳಿಯೂ ಒಂದಿತ್ತು ಎಂದು ಹೇಳಲು ಬಂದಿದ್ದರು.

ಗುರುವಾರ: ಕುಟ್ನಾ ಹೋರಾ

ಪ್ರಾಗ್‌ನಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಹೆಚ್ಚಿನವರು ಬರುವುದು ಸೆಡ್ಲೆತ್ಸ್‌ನ ಮೂಳೆಗಳ ಚರ್ಚಿಗೆ. 1278ರಲ್ಲಿ ಇಲ್ಲಿನ ಮಠಾಧಿಪತಿ ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾದಿಂದ ಒಂದು ಹಿಡಿ ಮಣ್ಣು ತಂದು ಸ್ಮಶಾನದಲ್ಲಿ ಚೆಲ್ಲಿದನಂತೆ. ಅಂದಿನಿಂದ ಸತ್ತರೆ ಇಲ್ಲೇ ಮಣ್ಣಾಗಬೇಕೆಂದು ದೂರದೂರದವರು ಬಯಸಿದರು. ಪ್ಲೇಗ್ ಬಂತು, ಹುಸ್ಸೈಟ್ ಎಂಬ ಧರ್ಮಸುಧಾರಕರ ಯುದ್ಧಗಳು ಬಂದವು, ಹೂಳಲು ಜಾಗ ಸಾಲದಾಯಿತು. ಅಗೆದು ತೆಗೆದ ಹತ್ತಾರು ಸಾವಿರ ಜನರ ಮೂಳೆಗಳನ್ನು 1870ರಲ್ಲಿ ಫ್ರಾಂಟಿಶೆಕ್ ರಿಂಟ್ ಎಂಬ ಮರಗೆಲಸದವನು ಅಲಂಕಾರವಾಗಿ ಜೋಡಿಸಿದ. ಮಧ್ಯದಲ್ಲಿ ತೂಗುವ ದೀಪಗುಚ್ಛದಲ್ಲಿ ಮನುಷ್ಯ ದೇಹದ ಪ್ರತಿಯೊಂದು ಬಗೆಯ ಮೂಳೆಯೂ ಇದೆಯೆಂದು ಹೇಳುತ್ತಾರೆ. ಗೋಡೆಯ ಮೇಲೆ ತನ್ನ ರುಜುವನ್ನೂ ರಿಂಟ್ ಮೂಳೆಯಲ್ಲೇ ಹಾಕಿದ್ದಾನೆ. ಈಗ ಫೋಟೊ ತೆಗೆಯುವಂತಿಲ್ಲ. ಒಳ್ಳೆಯದೇ ಆಯಿತು, ತಲೆಬುರುಡೆಗಳ ಜೊತೆ ಹಲ್ಲು ಕಿರಿದು ನಿಲ್ಲುವವರ ಕಾಟ ತಪ್ಪಿದೆ.

ಆದರೆ ಊರಿನ ಜೀವ ಇರುವುದು ಬೆಳ್ಳಿಯಲ್ಲಿ. 1300ರಿಂದ ಇಲ್ಲಿ ಅಚ್ಚಾದ ಪ್ರಾಗ್ ಗ್ರೋಷೆನ್ ನಾಣ್ಯ ಮಧ್ಯ ಯೂರೋಪಿನಲ್ಲೆಲ್ಲ ಚಲಾವಣೆಯಲ್ಲಿತ್ತು. ಗಣಿಗಳಲ್ಲೊಂದು ಸುಮಾರು 500 ಮೀಟರ್ ಆಳಕ್ಕೆ ಇಳಿದಿತ್ತು, ಅದೂ ವಿದ್ಯುತ್ತು, ಸಿಡಿಮದ್ದು ಏನೂ ಇಲ್ಲದ ಕಾಲದಲ್ಲಿ. ಆ ದುಡ್ಡಿನಿಂದ ಎದ್ದದ್ದು ಗಣಿಗಾರರ ರಕ್ಷಕಿ ಸಂತ ಬಾರ್ಬರಾಳ ಚರ್ಚು. 1388ರಲ್ಲಿ ಆರಂಭವಾದ ಕೆಲಸ ಬೆಳ್ಳಿ ಬತ್ತಿದಾಗ ನಿಂತು, ಮತ್ತೆ ನಡೆದು, 1905ರಲ್ಲಿ ಮುಗಿಯಿತು. ಇಂಥ ಚರ್ಚುಗಳಲ್ಲಿ ರಾಜರು, ಬಿಷಪ್ಪರು ಕಾಣುವುದು ವಾಡಿಕೆ. ಇಲ್ಲಿನ ಗೋಡೆಚಿತ್ರದಲ್ಲಿ ಸುತ್ತಿಗೆ ಎತ್ತಿ ನಾಣ್ಯ ಅಚ್ಚು ಹಾಕುವ ಕೆಲಸಗಾರರಿದ್ದಾರೆ. ಬಿಳಿ ನಿಲುವಂಗಿಯ ಗಣಿಗಾರನೊಬ್ಬ ದೀಪ ಹಿಡಿದು ನಿಂತ ಶಿಲ್ಪವೂ ಇದೆ. ಬಿಳಿ ಏಕೆಂದರೆ ಕತ್ತಲಲ್ಲಿ ಬಿದ್ದವನು ಕಣ್ಣಿಗೆ ಬೀಳಬೇಕು. ಬೆಳ್ಳಿ ವಸ್ತುಸಂಗ್ರಹಾಲಯದವರು ನಮಗೂ ಬಿಳಿ ಅಂಗಿ, ಹೆಲ್ಮೆಟ್, ದೀಪ ಕೊಟ್ಟು ಹಳೆಯ ಗಣಿಯೊಳಗೆ ಇಳಿಸಿದರು. ಕೆಲವು ಕಡೆ ಭುಜ ಓರೆ ಮಾಡದೆ ದಾಟಲಾಗದು. ಒಂದು ಕಡೆ ಮಾರ್ಗದರ್ಶಿ ಎಲ್ಲರ ದೀಪಗಳನ್ನೂ ಆರಿಸಲು ಹೇಳಿದಳು. ಕೈಯನ್ನು ಕಣ್ಣಿನ ಮುಂದೆ ಹಿಡಿದರೂ ಕಾಣದ ಕತ್ತಲು. ಹೊರಗೆ ಬಂದ ಮೇಲೆ ಚಿಕ್ಕಪ್ಪ, ಕೋಲಾರದ ಗಣಿಯಲ್ಲಿ ದುಡಿದ ತಮ್ಮ ಸ್ನೇಹಿತರ ತಂದೆಯೊಬ್ಬರ ಕೆಮ್ಮಿನ ಬಗ್ಗೆ ಹೇಳಿದರು. ಕೋಲಾರದ್ದು 2001ರಲ್ಲಿ ಮುಚ್ಚಿತು. ಅಲ್ಲೂ ಹೀಗೊಂದು ಇಳಿದು ನೋಡುವ ವ್ಯವಸ್ಥೆ ಮಾಡಲು ಇನ್ನೂ ತಡವಾಗಿಲ್ಲ.

ಊಟದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಚಿಕ್ಕಪ್ಪ ಸಸ್ಯಾಹಾರಿ. ಹಂದಿಮಾಂಸ, ಎಲೆಕೋಸು, ಹಿಟ್ಟಿನ ಕಡುಬು ಇಲ್ಲಿನ ಮುಖ್ಯ ಊಟವಾದರೂ ಬಹುತೇಕ ಎಲ್ಲ ಹೋಟೆಲುಗಳಲ್ಲಿ ಸ್ಮಾಜೆನಿ ಸಿರ್ ಸಿಗುತ್ತದೆ: ಚೀಸಿನ ದಪ್ಪ ತುಂಡನ್ನು ರೊಟ್ಟಿಪುಡಿಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿದದ್ದು. ಆಲೂಗಡ್ಡೆ, ಅಣಬೆ ಹಾಕಿದ ಬ್ರಾಂಬೊರಾಚ್ಕಾ ಸಾರು ಚಳಿಗೆ ಹಿತ, ಆದರೆ ಮಾಂಸದ ಕಟ್ಟು ಹಾಕಿದ್ದೀರಾ ಎಂದು ಮೊದಲೇ ಕೇಳಬೇಕು. ಹಣ್ಣು ತುಂಬಿದ ಕಡುಬಿನ ಮೇಲೆ ಗಿಣ್ಣದಂಥ ತ್ವಾರೊಹ್ ಉದುರಿಸಿ ಕೊಡುತ್ತಾರೆ. ಅದೇ ರಾತ್ರಿಯ ಊಟವಾದದ್ದೂ ಉಂಟು. ಪ್ರವಾಸಿಗಳ ಬೀದಿಗಳಲ್ಲಿ ಕೆಂಡದ ಮೇಲೆ ಸುತ್ತುವ ಟ್ರ್ಡೆಲ್ನಿಕ್ ಎಂಬ ಸಿಹಿ ತಿನಿಸನ್ನು ಹಳೆಯ ಜೆಕ್ ತಿಂಡಿ ಎಂದು ಮಾರುತ್ತಾರೆ. ಊರಿನವರು ಅದನ್ನು ಕೇಳಿ ನಗುತ್ತಾರೆ. ಇನ್ನು ಬಿಯರ್: ಪ್ಲ್ಜೆನ್ ಊರಿನಲ್ಲಿ 1842ರಲ್ಲಿ ಹುಟ್ಟಿದ ಬಂಗಾರದ ಬಣ್ಣದ ಬಿಯರೇ ಇಂದು ಜಗತ್ತೆಲ್ಲ ಕುಡಿಯುವ ಬಗೆಯ ಮೂಲ. ಪರಿಚಾರಕ ಮೇಜಿನ ಮೇಲೆ ಒಂದು ಚೀಟಿ ಇಟ್ಟು, ಲೋಟ ತಂದಾಗಲೆಲ್ಲ ಅದರ ಮೇಲೊಂದು ಗೀಟು ಎಳೆಯುತ್ತಾನೆ. ಚೀಟಿ ಕಳೆಯಬಾರದು, ಲೆಕ್ಕವೆಲ್ಲ ಅದರಲ್ಲೇ.

ಶುಕ್ರವಾರ: ಹ್ರೆನ್ಸ್ಕೊ

ಉತ್ತರಕ್ಕೆ, ಜರ್ಮನಿಯ ಗಡಿಗೆ. ಡೆಚಿನ್‌ವರೆಗೆ ರೈಲು, ಆಮೇಲೆ ಲಾಬೆ ನದಿಯ ದಂಡೆಯಲ್ಲಿ ಬಸ್ಸು. ಜರ್ಮನ್ನರು ಎಲ್ಬೆ ಎನ್ನುವ ಇದೇ ನದಿ ದೇಶ ಬಿಡುವ ಹ್ರೆನ್ಸ್ಕೊ, ಜೆಕ್ ನೆಲದಲ್ಲೇ ಅತಿ ತಗ್ಗಿನ ಜಾಗ. ಇಲ್ಲಿನ ಬೊಹೀಮಿಯನ್ ಸ್ವಿಟ್ಜರ್ಲೆಂಡ್ ರಾಷ್ಟ್ರೀಯ ಉದ್ಯಾನದಲ್ಲಿ ಹಿಮಬೆಟ್ಟಗಳಿಲ್ಲ, ಇರುವುದು ಮರಳುಗಲ್ಲಿನ ಬಂಡೆಗಳು. ಅವುಗಳ ನಡುವೆ ಪ್ರಾವ್ಚಿತ್ಸ್ಕಾ ಬ್ರಾನಾ ಎಂಬ ಕಮಾನು: 26.5 ಮೀಟರ್ ಅಗಲ, 16 ಮೀಟರ್ ಎತ್ತರ, ಯೂರೋಪಿನ ಮರಳುಗಲ್ಲಿನ ನೈಸರ್ಗಿಕ ಕಮಾನುಗಳಲ್ಲೇ ದೊಡ್ಡದು. ಹಿಂದೆ ಜನ ಅದರ ಮೇಲೇ ನಡೆದಾಡುತ್ತಿದ್ದರು. ಕಲ್ಲು ಸವೆಯುತ್ತಿದೆ ಎಂದು ಗೊತ್ತಾದ ಮೇಲೆ, 1980ರ ದಶಕದಲ್ಲಿ ಅದನ್ನು ನಿಲ್ಲಿಸಿದರು.

ಏರುದಾರಿ ಸುಮಾರು ಎರಡು ಕಿಲೋಮೀಟರ್. ಚಿಕ್ಕಪ್ಪ ಪ್ರತಿ ತಿರುವಿನಲ್ಲಿ ನಿಂತು "ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವನಿಗೆ ಇದೇನು" ಎನ್ನುತ್ತಾ ಏದುಸಿರು ಬಿಟ್ಟರು. 2022ರ ಜುಲೈನಲ್ಲಿ ಇಲ್ಲಿ ಹೊತ್ತಿದ ಕಾಡ್ಗಿಚ್ಚು ಆಧುನಿಕ ಜೆಕ್ ಇತಿಹಾಸದಲ್ಲೇ ದೊಡ್ಡದು. ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಕಾಡು ಸುಟ್ಟಿತು. ಅದಕ್ಕೆ ಮೊದಲೇ ತೊಗಟೆ ಕೊರೆಯುವ ದುಂಬಿಗಳು ಸ್ಪ್ರೂಸ್ ಮರಗಳನ್ನು ಕೊಂದು ಒಣಗಿಸಿದ್ದವು. ಮರಮುಟ್ಟಿಗಾಗಿ ಒಂದೇ ಜಾತಿಯ ಮರವನ್ನು ಸಾಲುಸಾಲಾಗಿ ನೆಟ್ಟರೆ ಹೀಗೆಯೇ, ನಮ್ಮ ನೀಲಗಿರಿ ತೋಪುಗಳ ಕಥೆ ಬಲ್ಲವರಿಗೆ ವಿವರಿಸಬೇಕಿಲ್ಲ. ದಾರಿಯುದ್ದಕ್ಕೂ ಕಪ್ಪು ಬೊಡ್ಡೆಗಳು. ಅವುಗಳ ಬುಡದಲ್ಲಿ, ಯಾರೂ ನೆಡದಿದ್ದರೂ, ಮೊಣಕಾಲೆತ್ತರದಿಂದ ಆಳೆತ್ತರದವರೆಗೆ ಬರ್ಚ್ ಸಸಿಗಳು ಒತ್ತೊತ್ತಾಗಿ ಎದ್ದಿವೆ. ಪ್ರವಾಸಿ ಕಮಾನಿಗೆಂದು ಹೋಗುತ್ತಾನೆ. ನೋಡುವುದು ಬಹಳವಿರುವುದು ಈ ದಾರಿಯಲ್ಲಿ.

ಶನಿವಾರ: ಬರ್ನೋ

ಪ್ರಾಗ್‌ನಿಂದ ಎರಡೂವರೆ ಗಂಟೆ. ದೇಶದ ಎರಡನೆಯ ದೊಡ್ಡ ನಗರ, ಪ್ಯಾಕೇಜಿನವರು ಇಳಿಯದ ನಗರ. ಇಲ್ಲಿನ ಅಗಸ್ಟೀನಿಯನ್ ಮಠದ ತೋಟದಲ್ಲಿಯೇ ಗ್ರೆಗರ್ ಮೆಂಡೆಲ್ 1856ರಿಂದ 1863ರವರೆಗೆ ಬಟಾಣಿ ಬೆಳೆದು ಆನುವಂಶಿಕತೆಯ ನಿಯಮ ಕಂಡುಕೊಂಡದ್ದು. ಪಿಯುಸಿಯಲ್ಲಿ ಉದ್ದ ಗಿಡ, ಗಿಡ್ಡ ಗಿಡ, ಮೂರಕ್ಕೆ ಒಂದು ಎಂದು ಬಾಯಿಪಾಠ ಮಾಡಿದ್ದೆಲ್ಲ ಈ ಅಂಗಳದ್ದು. ಅವರ ಗಾಜಿನ ಮನೆಯ ತಳಪಾಯ ಮಾತ್ರ ಉಳಿದಿದೆ. 1865ರಲ್ಲಿ ಊರಿನ ನಿಸರ್ಗ ಸಂಘದಲ್ಲಿ ಓದಿದ ಪ್ರಬಂಧಕ್ಕೆ ಯಾರೂ ಕಿವಿಗೊಡಲಿಲ್ಲ, 1900ರಲ್ಲಿ ಲೋಕಕ್ಕೆ ಅದು ಮತ್ತೆ ಸಿಕ್ಕಿತು. ಆಗ ಅವರು ತೀರಿಹೋಗಿ ಹದಿನಾರು ವರ್ಷ. ಇಷ್ಟಕ್ಕೇ ಮುಗಿಯಲಿಲ್ಲ. ಕಮ್ಯುನಿಸ್ಟರ ಕಾಲದಲ್ಲಿ ಮೆಂಡೆಲ್‌ನ ತಳಿವಿಜ್ಞಾನವೇ ತಪ್ಪೆಂಬ ವಾದ ಮೇಲುಗೈಯಾಯಿತು. ಚೌಕದಲ್ಲಿದ್ದ ಅವರ ಅಮೃತಶಿಲೆಯ ಪ್ರತಿಮೆಯನ್ನು ತೆಗೆದು ಮಠದ ಒಳಗೆ ಇಟ್ಟರು. ಅದು ಇಂದಿಗೂ ಅಲ್ಲೇ, ಗಿಡಗಳ ನಡುವೆ ಇದೆ. ಮೆಂಡೆಲ್ ಅವರಿಗೂ ಚೌಕಕ್ಕಿಂತ ಅದೇ ಹೆಚ್ಚು ಹಿಡಿಸುತ್ತಿತ್ತೇನೋ.

ಸಂಜೆ ಹಳೆಯ ಪುರಭವನದ ಹಾದಿಯಲ್ಲಿ ಚಾವಣಿಗೆ ತೂಗುಹಾಕಿದ ಬರ್ನೋದ ಪ್ರಸಿದ್ಧ ಡ್ರ್ಯಾಗನ್ ನೋಡಿದೆವು. ಊರವರೆಲ್ಲ ಡ್ರ್ಯಾಗನ್ ಎನ್ನುವ ಅದು ಸ್ಪಷ್ಟವಾಗಿ ಒಂದು ಮೊಸಳೆ. ರಂಗನತಿಟ್ಟಿನ ಪಕ್ಕದ ಊರಿನವರನ್ನು ಮೋಸ ಮಾಡುವುದು ಕಷ್ಟ. ಇಲ್ಲಿನ ಕೆಥೆಡ್ರಲಿನಲ್ಲಿ ಮಧ್ಯಾಹ್ನದ ಗಂಟೆ ಹನ್ನೊಂದಕ್ಕೇ ಬಾರಿಸುತ್ತಾರೆ. 1645ರಲ್ಲಿ ಊರನ್ನು ಮುತ್ತಿದ ಸ್ವೀಡನ್ನಿನ ಸೇನಾಪತಿ ಮಧ್ಯಾಹ್ನದೊಳಗೆ ಗೆಲ್ಲದಿದ್ದರೆ ಹಿಂದಿರುಗುವೆ ಎಂದು ಮಾತು ಕೊಟ್ಟಿದ್ದನಂತೆ. ಊರವರು ಒಂದು ಗಂಟೆ ಮುಂಚೆಯೇ ಹನ್ನೆರಡು ಹೊಡೆದು ಅವನನ್ನು ಕಳುಹಿಸಿದರಂತೆ.

ಭಾನುವಾರ: ಪುಂಕ್ವಾ ಗುಹೆಗಳು

ಬ್ಲಾನ್ಸ್ಕೊವರೆಗೆ ರೈಲು, ಅಲ್ಲಿಂದ ಮೊರಾವಿಯಾದ ಸುಣ್ಣಕಲ್ಲಿನ ಕಾಡಿಗೆ ಬಸ್ಸು. ಟಿಕೆಟ್ ಮುಂಗಡವಾಗಿ ಮಾಡಿಸಿರಬೇಕು. ಗುಹೆಯೊಳಗೆ ವರ್ಷವಿಡೀ ಏಳೆಂಟು ಡಿಗ್ರಿ ಚಳಿ. ತೊಟ್ಟಿಕ್ಕುವ ಕಲ್ಲಿನ ಕಂಬಗಳ ನಡುವೆ ನಡೆದು ಹೋದರೆ ಇದ್ದಕ್ಕಿದ್ದಂತೆ ಆಕಾಶ ಕಾಣುತ್ತದೆ: 138 ಮೀಟರ್ ಆಳದ ಮಾತ್ಸೋಖಾ ಕಂದಕದ ತಳದಲ್ಲಿ ನಿಂತಿರುತ್ತೇವೆ. ಮಲಮಗನನ್ನು ಇಲ್ಲಿಗೆ ತಳ್ಳಿದ ಹೆಂಗಸಿನ ಕಥೆ ಹೇಳುತ್ತಾರೆ. ಹುಡುಗ ಕೊಂಬೆಗೆ ಸಿಕ್ಕಿ ಉಳಿದನಂತೆ, ಊರವರು ಅವಳನ್ನೇ ತಳ್ಳಿದರಂತೆ. ಆಮೇಲಿನದು ದೋಣಿ. ನೆಲದಡಿ ಹರಿಯುವ ಪುಂಕ್ವಾ ನದಿಯಲ್ಲಿ ಮೋಟಾರಿನ ಸದ್ದು ಅಷ್ಟಾಗಿ ಕೇಳದ ಉದ್ದನೆಯ ದೋಣಿ, ಹಸಿರು ನೀರು, ತಲೆ ತಗ್ಗಿಸಿ ಎಂದು ನಾವಿಕ ಜೆಕ್‌ನಲ್ಲಿ ಕೂಗುವುದು. ಅರ್ಥವಾಗಲು ಭಾಷೆ ಬೇಕಿರಲಿಲ್ಲ, ಕಲ್ಲು ಹಣೆಯ ಮಟ್ಟದಲ್ಲೇ ಬರುತ್ತಿತ್ತು. ಪ್ರವಾಸದಲ್ಲಿ ಚಿಕ್ಕಪ್ಪ ಮತ್ತೊಮ್ಮೆ ಮಾಡೋಣ ಎಂದ ಒಂದೇ ಕೆಲಸ ಇದು.

ಸೋಮವಾರ: ಓಲೊಮೋತ್ಸ್

ಸರಿಯಾಗಿ ಹನ್ನೆರಡಕ್ಕೆ ಪುರಭವನದ ಮುಂದೆ ನಿಲ್ಲಬೇಕು. ಇಲ್ಲೂ ಒಂದು ಖಗೋಳ ಗಡಿಯಾರವಿದೆ. ಹಳೆಯದು 1945ರಲ್ಲಿ, ಯುದ್ಧದ ಕೊನೆಯ ದಿನಗಳಲ್ಲಿ ಹಾಳಾಯಿತು. ಹತ್ತು ವರ್ಷಗಳ ನಂತರ ಕಮ್ಯುನಿಸ್ಟ್ ಸರಕಾರ ಅದನ್ನು ತನ್ನ ರುಚಿಗೆ ತಕ್ಕಂತೆ ಮತ್ತೆ ಕಟ್ಟಿತು. ಸಂತರ ಜಾಗದಲ್ಲಿ ಕಾರ್ಮಿಕರ ಗೊಂಬೆಗಳು. ಕೆಳಗೆ ಬಣ್ಣದ ಹರಳುಗಳಲ್ಲಿ ಒಬ್ಬ ಮೆಕ್ಯಾನಿಕ್, ಒಬ್ಬ ರಸಾಯನ ವಿಜ್ಞಾನಿ. ಹನ್ನೆರಡು ಹೊಡೆದಾಗ ಜನಪದ ಧಾಟಿಗಳು ಮೊಳಗುತ್ತವೆ, ಗೊಂಬೆಗಳು ಗಿರಕಿ ಹೊಡೆಯುತ್ತವೆ. ಪ್ರಾಗ್‌ನ ಗಡಿಯಾರದಂತೆ ಅವಸರವಿಲ್ಲ, ಮುಂದೆ ನಿಂತವರೂ ಬೆರಳೆಣಿಕೆಯ ಮಂದಿ. 1989ರಲ್ಲಿ ಕಮ್ಯುನಿಸ್ಟ್ ಆಳ್ವಿಕೆ ಕೊನೆಗೊಂಡ ನಂತರ ಇದನ್ನು ಕಿತ್ತು ಹಾಕಿ ಮತ್ತೆ ಸಂತರನ್ನು ಕೂರಿಸಬಹುದಿತ್ತು. ಕೂರಿಸಲಿಲ್ಲ. ಗಡಿಯಾರದಿಂದ ಕೆಲವೇ ಹೆಜ್ಜೆ ದೂರದಲ್ಲಿ 35 ಮೀಟರ್ ಎತ್ತರದ ಹೋಲಿ ಟ್ರಿನಿಟಿ ಸ್ತಂಭ, 1754ರಲ್ಲಿ ಮುಗಿದದ್ದು, ಮೈತುಂಬ ಸಂತರನ್ನು ಹೊತ್ತುಕೊಂಡು ನಿಂತಿದೆ. ಎರಡೂ ಒಂದೇ ಚೌಕದಲ್ಲಿವೆ. ಈ ದೇಶದಲ್ಲಿ ನನಗೆ ಮೆಚ್ಚಿಗೆಯಾದದ್ದು ಇದು: ತಮಗೆ ಮುಜುಗರ ತರುವ ಕಾಲವನ್ನೂ ಅಳಿಸದೆ ಇಟ್ಟುಕೊಂಡಿದ್ದಾರೆ.

ಈ ಭಾಗದ ತ್ವಾರೂಷ್ಕಿ ಎಂಬ ಚೀಸಿನ ವಾಸನೆಯ ಬಗ್ಗೆ ಒಂದೇ ಮಾತು: ಅದನ್ನು ರೈಲಿನಲ್ಲಿ ತೆರೆಯಬೇಡಿ.

ಮಂಗಳವಾರ: ಜ್ಲಿನ್

ಓತ್ರೊಕೊವಿತ್ಸೆಯಲ್ಲಿ ರೈಲಿಳಿದು ಟ್ರಾಲಿಬಸ್ ಹತ್ತಿದರೆ ಕೆಂಪು ಇಟ್ಟಿಗೆಯ ಊರು ಶುರುವಾಗುತ್ತದೆ. ಬಾಟಾ ನಮ್ಮದೇ ಕಂಪನಿ ಎಂದು ನಂಬಿ ಬೆಳೆದವರಿಗೆ ಜ್ಲಿನ್ ಒಂದು ಬೆರಗು. ತೊಮಾಷ್ ಬಾಟಾ ಅಣ್ಣ, ಅಕ್ಕನ ಜೊತೆ 1894ರಲ್ಲಿ ಆರಂಭಿಸಿದ ಚಪ್ಪಲಿ ಕೆಲಸ ಇಡೀ ಊರನ್ನೇ ಕಟ್ಟಿತು. ಕಾರ್ಖಾನೆ, ಕಾರ್ಮಿಕರ ಇಟ್ಟಿಗೆ ಮನೆಗಳು, ಶಾಲೆ, ಆಸ್ಪತ್ರೆ, ಸಿನಿಮಾ ಮಂದಿರ, ದೊಡ್ಡ ಕಟ್ಟಡಗಳು ಹೆಚ್ಚಾಗಿ ಒಂದೇ ಅಳತೆಯ ಕಾಂಕ್ರೀಟ್ ಚೌಕಟ್ಟಿನಲ್ಲಿ. 1922ರಲ್ಲಿ ವ್ಯಾಪಾರ ಕುಸಿದಾಗ ಆತ ಬೂಟುಗಳ ಬೆಲೆಯನ್ನು ಅರ್ಧಕ್ಕೆ ಇಳಿಸಿ ಗೆದ್ದ. 1932ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಕೋಲ್ಕತ್ತಾ ಬಳಿಯ ಬಾಟಾನಗರ ಎದ್ದದ್ದು ಆತನ ನಂತರ, ಮಲತಮ್ಮ ಯಾನ್ ಆಂಟೊನಿನ್ ಬಾಟಾನ ಕಾಲದಲ್ಲಿ.

1938ರಲ್ಲಿ ಮುಗಿದ 21ನೇ ನಂಬರಿನ ಕಟ್ಟಡ 77 ಮೀಟರ್ ಎತ್ತರದ್ದು. ಅದರ ಮೂಲೆಯಲ್ಲಿ ಯಾನ್‌ಗಾಗಿ ಮಾಡಿದ ಕಚೇರಿಯೇ ಒಂದು ಲಿಫ್ಟ್: ಆರು ಮೀಟರ್ ಉದ್ದಗಲದ ಕೋಣೆ, ಮೇಜು, ಟೆಲಿಫೋನು, ಕೈ ತೊಳೆಯುವ ಬೋಗುಣಿ ಸಮೇತ. ಯಜಮಾನ ಕುರ್ಚಿಯಿಂದ ಏಳದೆ ಯಾವ ಮಹಡಿಗೂ ಹೋಗಿ ನಿಲ್ಲಬಹುದು. ಬ್ಯಾಂಕಿನಲ್ಲಿ ಮೇಲಧಿಕಾರಿಗಳ ಹಠಾತ್ ತಪಾಸಣೆಗಳನ್ನು ಎದುರಿಸಿ ಬಂದ ಚಿಕ್ಕಪ್ಪನ ಮುಖ ಅದನ್ನು ನೋಡಿ ಗಂಟಾಯಿತು. ಯಾನ್‌ಗೆ ಮಾತ್ರ ಅದರಲ್ಲಿ ಕುಳಿತು ಆಳುವ ಯೋಗ ಬರಲಿಲ್ಲ. 1939ರಲ್ಲಿ ನಾಜಿಗಳು ಬಂದರು, ಆತ ದೇಶ ಬಿಟ್ಟ. ಯುದ್ಧದ ನಂತರ ಕಾರ್ಖಾನೆ ರಾಷ್ಟ್ರೀಕರಣವಾಯಿತು, 1949ರಿಂದ ನಾಲ್ಕು ದಶಕ ಊರಿನ ಹೆಸರೇ ಒಬ್ಬ ಕಮ್ಯುನಿಸ್ಟ್ ನಾಯಕನ ನೆನಪಿಗೆ ಗೊಟ್ವಾಲ್ಡೊವ್ ಆಗಿತ್ತು.

ಕೆಳಗಿಳಿದು ಪೇಟೆಯಲ್ಲಿ ಬಾಟಾ ಅಂಗಡಿ ಹೊಕ್ಕೆವು. ಚಿಕ್ಕಪ್ಪ ಕಂದು ಬೂಟೊಂದನ್ನು ತಿರುಗಿಸಿ ಬೆಲೆಚೀಟಿ ನೋಡಿದರು. ಕೊನೆಯ ಅಂಕಿ ಒಂಬತ್ತು. ಒಂಬತ್ತರಲ್ಲಿ ಮುಗಿಯುವ ಬೆಲೆಯ ಚಾಳಿಯನ್ನು ಈ ನಾಡಿನಲ್ಲಿ ಹಬ್ಬಿಸಿದ್ದು ಬಾಟಾ ಎಂದು ನಾನು ಹೇಳಿದೆ. ಕೊರುನಾಗಳನ್ನು ರೂಪಾಯಿಗೆ ತಿರುಗಿಸಿ ಬೆರಳಲ್ಲಿ ಎರಡು ಸಲ ಲೆಕ್ಕ ಹಾಕಿ ಬೂಟನ್ನು ಅದರ ಜಾಗದಲ್ಲೇ ಇಟ್ಟರು. "ಮೈಸೂರಿನಲ್ಲೂ ಕೊನೆಗೆ ಒಂಬತ್ತೇ ಇರುತ್ತದೆ ಕಣೋ, ಆದರೆ ಮುಂದಿನ ಅಂಕಿಗಳು ಇಷ್ಟಿರುವುದಿಲ್ಲ" ಎಂದು ಟ್ರಾಲಿಬಸ್ಸಿನ ಕಡೆಗೆ ಹೊರಟರು.